ಟೆಸ್ಲಾ–ಎಡಿಸನ್ ಜಗಳ 1903ರಲ್ಲಿ ನಿಜಕ್ಕೂ ಇತ್ತಾ?

ಓದುಗರ ಪ್ರಶ್ನೆ: 'ಡಾಕ್ಟರ್ ಹೂ' ಸರಣಿಯಲ್ಲಿ ಟೆಸ್ಲಾನ ಎಪಿಸೋಡ್ ನೋಡಿದೆ. ಅದರಲ್ಲಿ ಟೆಸ್ಲಾ, ಎಡಿಸನ್ ಹಾವು ಮುಂಗುಸಿ ಥರ ಕಚ್ಚಾಡ್ತಾರೆ. ನಿಜವಾಗ್ಲೂ ಹಾಗೇ ಇದ್ರಾ? ಎಡಿಸನ್ ದುಡ್ಡು ಕೊಡದೆ ಟೆಸ್ಲಾನಿಗೆ ಮೋಸ ಮಾಡಿದ್ದು ನಿಜನಾ?

ವಿದ್ಯುತ್ತಿನ ಈ ಇಬ್ಬರು ಸಂಶೋಧಕರ ನಡುವೆ ಜಗಳ ಇತ್ತು. ಆದರೆ ಕಥೆ ನಡೆಯುವ 1903ರ ಹೊತ್ತಿಗೆ ಅದು ಮುಗಿದು ಹತ್ತು ವರ್ಷವಾಗಿತ್ತು. ಜೊತೆಗೆ, ಎಡಿಸನ್ ಮುಖ್ಯವಾಗಿ ಗುದ್ದಾಡಿದ್ದು ಟೆಸ್ಲಾನ ಜೊತೆಗಲ್ಲ.

ನೋಡದವರಿಗೆ ಎರಡು ಮಾತು. ಇದು 2020ರ ಜನವರಿ 19ರಂದು ಬಿಬಿಸಿಯಲ್ಲಿ ಬಂದ ಕಂತು. ಕಾಲಯಾನ ಮಾಡುವ ಡಾಕ್ಟರ್ (ಜೋಡಿ ವಿಟ್ಟೇಕರ್) 1903ರ ಅಮೆರಿಕಕ್ಕೆ ಬಂದಿಳಿಯುತ್ತಾಳೆ. ಸ್ವಂತವಾಗಿ ಏನೂ ಮಾಡದೆ ಕಂಡವರ ಯಂತ್ರ ಕದ್ದು ಬದುಕುವ ಚೇಳಿನಂಥ ಅನ್ಯಗ್ರಹದ ಜೀವಿಗಳು ಟೆಸ್ಲಾನನ್ನು ಹೊತ್ತೊಯ್ಯಲು ಕಾದಿರುತ್ತವೆ. ಟೆಸ್ಲಾ ಹುಟ್ಟಿದ ಊರು ಈಗಿನ ಕ್ರೊಯೇಷಿಯಾದಲ್ಲಿದೆ. ಪಾತ್ರ ಮಾಡಿದ ಗೊರಾನ್ ವಿಷ್ನಿಚ್ ಕೂಡ ಅದೇ ದೇಶದವರು. ಚೆನ್ನಾಗಿಯೇ ಮಾಡಿದ್ದಾರೆ.

ಮೊದಲು ಆ ದುಡ್ಡಿನ ವಿಷಯ. ಟೆಸ್ಲಾ 1884ರಲ್ಲಿ ನ್ಯೂಯಾರ್ಕಿಗೆ ಬಂದು ಎಡಿಸನ್ ಮೆಷಿನ್ ವರ್ಕ್ಸ್‌ಗೆ ಸೇರಿದ. ಅಲ್ಲಿದ್ದದ್ದು ಸುಮಾರು ಆರು ತಿಂಗಳು. ಕರೆಂಟು ತಯಾರಿಸುವ ಡೈನಮೋ ಯಂತ್ರಗಳನ್ನು ಸುಧಾರಿಸಿ ಕೊಟ್ಟರೆ 50,000 ಡಾಲರ್ ಕೊಡ್ತೀನಿ ಅಂತ ಎಡಿಸನ್ ಹೇಳಿದ, ಕೆಲಸ ಮುಗಿದ ಮೇಲೆ 'ತಮಾಷೆಗೆ ಹೇಳಿದ್ದು ಕಣಯ್ಯಾ' ಅಂದುಬಿಟ್ಟ ಎಂಬ ಕಥೆಯನ್ನು ನೀವೂ ಕೇಳಿರುತ್ತೀರಿ. ಆದರೆ ಟೆಸ್ಲಾ 1919ರಲ್ಲಿ ಬರೆದ ಆತ್ಮಕಥೆಯಲ್ಲಿ ಮಾತು ಕೊಟ್ಟವನು ಎಡಿಸನ್ ಅಲ್ಲ, ಮ್ಯಾನೇಜರ್. ಆ ಕಾಲಕ್ಕೆ ಅದು ಭಾರೀ ಮೊತ್ತ. ಹೊಸದಾಗಿ ಸೇರಿದ ಎಂಜಿನಿಯರನಿಗೆ ಯಾರಾದರೂ ಅಷ್ಟು ಕೊಡುತ್ತಾರೆಯೇ? ಮ್ಯಾನೇಜರನ ಕುಚೋದ್ಯ ಬಾಯಿಂದ ಬಾಯಿಗೆ ಹೋಗುತ್ತಾ ಎಡಿಸನ್ ತಲೆಗೆ ಬಂದು ಕೂತಿತು. ಬೇಸರವಾಗಿ ಟೆಸ್ಲಾ ಕೆಲಸ ಬಿಟ್ಟದ್ದಂತೂ ನಿಜ.

ಇನ್ನು ಎಸಿ–ಡಿಸಿ ಕಾಳಗ. ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟು ಡಿಸಿ, ಮತ್ತೆ ಮತ್ತೆ ದಿಕ್ಕು ಬದಲಿಸುತ್ತಾ ಹರಿಯುವುದು ಎಸಿ. ಎಡಿಸನ್ ಮಾರುತ್ತಿದ್ದ ಡಿಸಿ ಕರೆಂಟು ಒಂದೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಸೊರಗುತ್ತಿತ್ತು. ಎಸಿಯನ್ನಾದರೆ ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಏರಿಸಿ ದೂರ ಕಳಿಸಬಹುದು, ಊರು ಮುಟ್ಟಿದ ಮೇಲೆ ಇಳಿಸಿಕೊಳ್ಳಬಹುದು. ಈ ವ್ಯಾಪಾರಕ್ಕೆ 1886ರಲ್ಲೇ ಇಳಿದವನು ಜಾರ್ಜ್ ವೆಸ್ಟಿಂಗ್‌ಹೌಸ್. ಟೆಸ್ಲಾನ ಮೋಟಾರ್ ಪೇಟೆಂಟುಗಳನ್ನು ಅವನು ಕೊಂಡದ್ದು 1888ರಲ್ಲಿ. ಎಡಿಸನ್ ಕೂಗಾಡಿದ್ದು ಈ ವೆಸ್ಟಿಂಗ್‌ಹೌಸ್ ವಿರುದ್ಧ. ಎಸಿ ಎಷ್ಟು ಅಪಾಯ ಅಂತ ತೋರಿಸಲು ಹೆರಾಲ್ಡ್ ಬ್ರೌನ್ ಎಂಬುವನು ಎಡಿಸನ್ ಪ್ರಯೋಗಾಲಯದಲ್ಲೇ ನಾಯಿಗಳಿಗೆ ಕರೆಂಟು ಕೊಟ್ಟು ಕೊಂದ. ಅದು ಹೊಲಸು ಕೆಲಸವೇ, ಎಡಿಸನ್ ಪರ ವಾದಿಸಲು ನಾನು ಕೂತಿಲ್ಲ. ಆದರೆ 1903ರಲ್ಲಿ ಕೋನಿ ಐಲ್ಯಾಂಡಿನಲ್ಲಿ ಟಾಪ್ಸಿ ಎಂಬ ಆನೆಗೆ ಕರೆಂಟು ಕೊಟ್ಟು ಸಾಯಿಸಿದ್ದನ್ನೂ ಈ ಕಾಳಗದ ಲೆಕ್ಕಕ್ಕೆ ಸೇರಿಸುತ್ತಾರಲ್ಲ, ಅದು ತಪ್ಪು. ಸಾಯಿಸುವ ತೀರ್ಮಾನ ಆನೆಯ ಮಾಲೀಕರದು. ಎಡಿಸನ್ ಹೆಸರಿನ ಕಂಪನಿ ಅದನ್ನು ಸಿನಿಮಾ ತೆಗೆಯಿತು, ಅಷ್ಟೇ.

ಕಾಳಗ ಮುಗಿದದ್ದು ಹೀಗೆ: 1892ರಲ್ಲಿ ಎಡಿಸನ್ ಕಂಪನಿಯನ್ನು ಎದುರಾಳಿ ಥಾಮ್ಸನ್–ಹೂಸ್ಟನ್ ಜೊತೆ ಸೇರಿಸಿ ಜನರಲ್ ಎಲೆಕ್ಟ್ರಿಕ್ ಮಾಡಿದರು. ಹಿಡಿತ ಎಡಿಸನ್ ಕೈತಪ್ಪಿತು, ಹೊಸ ಕಂಪನಿ ಆರಾಮಾಗಿ ಎಸಿ ಮಾರತೊಡಗಿತು. ಅದಕ್ಕೆ ಸಾಕ್ಷಿ ನಮ್ಮ ಶಿವನಸಮುದ್ರ. 1902ರ ಜೂನ್ 30ರಂದು ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಎಸಿ ಹರಿಯಿತು. ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಇದೇ ಜನರಲ್ ಎಲೆಕ್ಟ್ರಿಕ್. ಒಂದು ಕಾಲಕ್ಕೆ ಎಡಿಸನ್ 'ಕೊಲ್ಲುವ ಕರೆಂಟು' ಎಂದು ಹೆದರಿಸಿದ್ದನ್ನು ಅವನ ಕಂಪನಿಯ ವಾರಸುದಾರರೇ ಮೈಸೂರು ಸಂಸ್ಥಾನಕ್ಕೆ ಮಾರಿದ್ದರು. ಎಪಿಸೋಡಿನ ಕಥೆ ಶುರುವಾಗುವುದು ಇದಾದ ಮರುವರ್ಷ!

ಹಾಗಾದರೆ 1903ರಲ್ಲಿ ಇಬ್ಬರೂ ಏನು ಮಾಡುತ್ತಿದ್ದರು? ಎಡಿಸನ್ ತಲೆ ತುಂಬ ಸಿಮೆಂಟು, ಸಿನಿಮಾ ಮತ್ತು ಎಲೆಕ್ಟ್ರಿಕ್ ಕಾರಿಗೆ ಬೇಕಾದ ಬ್ಯಾಟರಿ. (ಈಗ ಎಲೆಕ್ಟ್ರಿಕ್ ಕಾರಿನ ಮೇಲೆ ಯಾರ ಹೆಸರಿದೆ ಅಂತ ಹೇಳಬೇಕಾಗಿಲ್ಲ ಅಲ್ವಾ?) ಟೆಸ್ಲಾ ಲಾಂಗ್ ಐಲ್ಯಾಂಡಿನ ವಾರ್ಡನ್‌ಕ್ಲಿಫ್‌ನಲ್ಲಿ 57 ಮೀಟರ್ ಎತ್ತರದ ಗೋಪುರ ಎಬ್ಬಿಸುತ್ತಿದ್ದ. ತಂತಿ ಇಲ್ಲದೆ ಸಂದೇಶ, ಆಮೇಲೆ ಕರೆಂಟನ್ನೂ ಕಳಿಸುವುದು ಅವನ ಆಸೆ. ಎಪಿಸೋಡ್ ಇದನ್ನು ಚೆನ್ನಾಗಿ ಬಳಸಿಕೊಂಡಿದೆ. ಮಂಗಳನಿಂದ ಸಿಗ್ನಲ್ ಬಂತು ಅನ್ನುವುದೂ ಬರೀ ಕಲ್ಪನೆಯಲ್ಲ. 1899ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ರಾತ್ರಿ ಹೊತ್ತು ಯಂತ್ರದಲ್ಲಿ ಎಣಿಕೆಯಂತೆ ಕ್ರಮವಾಗಿ ಬಂದ ಸದ್ದು ಬೇರೆ ಗ್ರಹದ್ದಿರಬೇಕು ಅಂತ ಟೆಸ್ಲಾ ನಿಜಕ್ಕೂ ನಂಬಿದ್ದ, 1901ರಲ್ಲಿ ಪತ್ರಿಕೆಗೆ ಬರೆದೂ ಇದ್ದ.

ಗೋಪುರಕ್ಕೆ ದುಡ್ಡು ಹಾಕಿದವನು ಬ್ಯಾಂಕರ್ ಜೆ. ಪಿ. ಮಾರ್ಗನ್, 1,50,000 ಡಾಲರ್. ಅಷ್ಟರಲ್ಲಿ, 1901ರ ಡಿಸೆಂಬರಿನಲ್ಲಿ, ಮಾರ್ಕೋನಿ ಎಂಬ ಇಟಲಿಯ ಹುಡುಗ ತನ್ನ ಸಾದಾ ಸಲಕರಣೆಯಲ್ಲೇ ಅಟ್ಲಾಂಟಿಕ್ ದಾಟಿ 'ಎಸ್' ಅಕ್ಷರ ಬಂದು ಮುಟ್ಟಿತು ಅಂತ ಸಾರಿದ. ಇಷ್ಟು ದೊಡ್ಡ ಗೋಪುರ ಯಾಕೆ ಬೇಕು ಅನ್ನೋ ಪ್ರಶ್ನೆ ಅಲ್ಲಿಗೇ ಎದ್ದಿತು. ಟೆಸ್ಲಾ ಮತ್ತೆ ಮತ್ತೆ ದುಡ್ಡು ಕೇಳಿದ. 1903ರ ಜುಲೈನಲ್ಲಿ ಮಾರ್ಗನ್ ಪತ್ರ ಬರೆದು, ಇನ್ನು ಮುಂದೆ ಕೊಡುವ ಮನಸ್ಸಿಲ್ಲ ಅಂದುಬಿಟ್ಟ. ಗೋಪುರವನ್ನು ಕೊನೆಗೆ 1917ರಲ್ಲಿ ಉರುಳಿಸಿದರು. ಅದೇ ವರ್ಷ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆ ಟೆಸ್ಲಾನಿಗೆ ಎಡಿಸನ್ ಪದಕ ಕೊಟ್ಟಿತು. ಅವನು ಸ್ವೀಕರಿಸಿದ.

ಹಾಗಾಗಿ 1903ನ್ನೇ ಆರಿಸಿಕೊಂಡ ಮೇಲೆ ಟೆಸ್ಲಾನ ಎದುರಿಗೆ ನಿಲ್ಲಬೇಕಾದವನು ಮಾರ್ಕೋನಿ. ಟೀವಿಯವರ ಕಷ್ಟವೂ ಅರ್ಥವಾಗುತ್ತೆ ಬಿಡಿ, ಎಡಿಸನ್ ಹೆಸರು ಮನೆಮನೆಗೂ ಗೊತ್ತು. ಎಡಿಸನ್ ಬೇಕೇ ಬೇಕು ಅಂದರೂ ದಾರಿ ಇತ್ತು. 1885ರಲ್ಲಿ ಅರ್ಜಿ ಹಾಕಿ ಪಡೆದಿದ್ದ ತನ್ನದೊಂದು ಹಳೆಯ ವೈರ್‌ಲೆಸ್ ಪೇಟೆಂಟನ್ನು ಎಡಿಸನ್ ಮಾರಿದ್ದು 1903ರಲ್ಲೇ. ಕೊಂಡದ್ದು ಮಾರ್ಕೋನಿಯ ಕಂಪನಿ.