ಸರ್‌ನೇಮ್ ಫ್ರೆಂಚ್ ಅಂದಮಾತ್ರಕ್ಕೆ ಮುತ್ತಜ್ಜ ಫ್ರೆಂಚನಲ್ಲ

ಪಾಂಡಿಚೇರಿ ಮೂಲದವರು ವಂಶದ ದಾಖಲೆ ಹುಡುಕಿಕೊಡಿ ಅಂತ ನನ್ನ ಹತ್ತಿರ ಬಂದರೆ, ಹೆಚ್ಚಿನವರ ಮೊದಲ ಮಾತು ಒಂದೇ. ‘ನಮ್ಮ ಪೂರ್ವಿಕರು ಫ್ರೆಂಚ್ ಸೈನಿಕರು, ಡ್ಯೂಪ್ಲೆ ಕಾಲದಲ್ಲಿ ಹಡಗಿನಲ್ಲಿ ಬಂದವರು.’ ಡ್ಯೂಪ್ಲೆ ಅಂದರೆ ಹದಿನೆಂಟನೇ ಶತಮಾನದಲ್ಲಿ ಅಲ್ಲಿದ್ದ ಫ್ರೆಂಚ್ ಗವರ್ನರ್. ಆಧಾರ ಏನು ಅಂತ ಕೇಳಿದರೆ ಸರ್‌ನೇಮ್ ತೋರಿಸುತ್ತಾರೆ. ಅಷ್ಟರಲ್ಲಾಗಲೇ ಫ್ರಾನ್ಸಿನ ಊರೂರಿನ ದಾಖಲೆ ಜಾಲಾಡಿ, ದುಡ್ಡು ಕಳೆದುಕೊಂಡು ಸುಸ್ತಾಗಿರುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ದಯವಿಟ್ಟು ಇದೊಂದು ಮಾತು ಕೇಳಿ. 1881ರ ಸೆಪ್ಟೆಂಬರ್ 21ರಂದು ಫ್ರೆಂಚ್ ಸರ್ಕಾರ ಒಂದು ಆದೇಶ ಹೊರಡಿಸಿತು. ಅದರ ಪ್ರಕಾರ ಪಾಂಡಿಚೇರಿ, ಕಾರೈಕಾಲ್, ಮಾಹೆ, ಯಾನಂ, ಚಂದ್ರನಗರದ ಸ್ಥಳೀಯರು ತಮ್ಮ ಜಾತಿ-ಧರ್ಮದ ಕಟ್ಟಳೆಗಳನ್ನು ಬಿಟ್ಟು ಫ್ರೆಂಚ್ ಸಿವಿಲ್ ಕಾನೂನಿಗೆ ಸೇರಬಹುದಿತ್ತು. ಹಾಗೆ ಸೇರಿದವರನ್ನು ‘ರನೋನ್ಸಾಂ’ ಅಂತಾರೆ, ಅಂದರೆ ತ್ಯಜಿಸಿದವರು. ಕ್ರೈಸ್ತರು, ದಲಿತ ಕುಟುಂಬದವರು ಇವರಲ್ಲಿ ಬಹಳ. ಹಾಗೆ ಬಿಡುತ್ತೇನೆ ಅನ್ನುವ ತ್ಯಾಗಪತ್ರಕ್ಕೆ ಸಹಿ ಹಾಕುವಾಗ, ಇನ್ನು ಮುಂದೆ ತನಗೂ ತನ್ನ ಸಂತತಿಗೂ ಯಾವ ಸರ್‌ನೇಮ್ ಅಂತ ಅಲ್ಲೇ ಹೇಳಬೇಕಿತ್ತು. ಅಂದರೆ ಆ ಹೆಸರು ರಕ್ತದಿಂದ ಬಂದದ್ದಲ್ಲ, ಆರಿಸಿಕೊಂಡದ್ದು. ಕೆಲವರು ಅಪ್ಪನ ತಮಿಳು ಹೆಸರನ್ನೇ ಉಳಿಸಿಕೊಂಡರು, ಕೆಲವರು ಫ್ರೆಂಚ್ ಹೆಸರು ಹಿಡಿದರು.

ನಮ್ಮಲ್ಲೂ ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಅಣ್ಣ ಅಪ್ಪನ ಹೆಸರು ಬರೆದರೆ ತಮ್ಮ ಊರಿನ ಹೆಸರು ಬರೆಯುತ್ತಾನೆ, ಅಲ್ವಾ? ಅಲ್ಲೂ ಹಾಗೇ. ಬೇರೆ ಬೇರೆ ದಿನ ಹೋದ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಸರ್‌ನೇಮ್ ಇರಬಹುದು. ಬೂಟು ಹಾಕಿಕೊಂಡು ಕೋರ್ಟಿಗೆ ಹೋದದ್ದಕ್ಕೆ 1873ರಲ್ಲಿ ಕಷ್ಟ ಅನುಭವಿಸಿದ ವಕೀಲ ಪೊನ್ನುತಂಬಿ ಪಿಳ್ಳೈ ಆಮೇಲೆ ‘ಲಾಪೋರ್ಟ್’ ಆದರು. ಲಾ ಪೋರ್ಟ್ ಅಂದರೆ ಬಾಗಿಲು. ಆ ಹೆಸರು ಹಿಡಿದು ಪ್ಯಾರಿಸ್‌ನಲ್ಲಿ ಅವರ ಅಜ್ಜನನ್ನು ಹುಡುಕಿದರೆ ಸಿಗುತ್ತಾರಾ?

ನಿಜವಾಗಿ ಫ್ರೆಂಚ್ ಪೂರ್ವಿಕರಿದ್ದ ಮನೆತನಗಳೂ ಇವೆ. ಕಾಗದ ನೋಡುವ ತನಕ ಹೌದು ಅನ್ನುವುದೂ ಇಲ್ಲ, ಅಲ್ಲ ಅನ್ನುವುದೂ ಇಲ್ಲ. ಪೌರತ್ವದ ಪ್ರಶ್ನೆಯಿದ್ದರೆ ವಕೀಲರನ್ನು ಕಾಣಿ. ಅದು ಪಾಂಡಿಚೇರಿಯನ್ನು ಭಾರತಕ್ಕೆ ಬಿಟ್ಟುಕೊಟ್ಟ, 1956ರಲ್ಲಿ ಸಹಿಯಾಗಿ 1962ರಲ್ಲಿ ಜಾರಿಗೆ ಬಂದ ಒಪ್ಪಂದಕ್ಕೆ ಸೇರಿದ ವಿಷಯ, ನನ್ನ ಕೆಲಸವಲ್ಲ.

ಹುಡುಕಬೇಕಾದದ್ದು ಆ ತ್ಯಾಗಪತ್ರವನ್ನು. ಹಳೇ ಹೆಸರು, ಹೊಸ ಹೆಸರು ಎರಡೂ ಅದರಲ್ಲಿ ಒಟ್ಟಿಗೆ ಸಿಗುತ್ತವೆ. ಅದರ ಹಿಂದಕ್ಕೆ ಹೋಗಬೇಕಾದರೆ ಹಳೇ ಹೆಸರೇ ದಾರಿ. ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್‌ನಲ್ಲಿರುವ ವಸಾಹತು ದಾಖಲೆ ಸಂಗ್ರಹದವರು ಹಳೇ ಜನನ, ಮದುವೆ, ಮರಣದ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಹಾಕಿದ್ದಾರೆ. ಫ್ರೆಂಚರು ‘ಉ’ ಸ್ವರಕ್ಕೆ ಒ, ಯು (ou) ಎರಡಕ್ಷರ ಸೇರಿಸಿ ಬರೆಯುತ್ತಾರೆ. ಮುತ್ತು ಅಂತ ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಜ್ಜಿಯನ್ನು ಗಂಡನ ಹೆಸರಿನಲ್ಲಿ ಹುಡುಕಬೇಡಿ. ಫ್ರೆಂಚ್ ದಾಖಲೆಯಲ್ಲಿ ಹೆಣ್ಣುಮಗಳಿಗೆ ಕೊನೆತನಕ ತವರಿನ ಹೆಸರೇ.

ಹೋದ ವರ್ಷ ಬೆಂಗಳೂರಿನಲ್ಲಿ ನೆಲೆಸಿದ ಒಬ್ಬ ಅಮ್ಮ ಸ್ಟೀಲ್ ಡಬ್ಬಿಯಲ್ಲಿ ಕಾಗದ ತುಂಬಿಕೊಂಡು ಬಂದಿದ್ದರು. ಮನೆಯವರು ಮೂರು ತಲೆಮಾರು ‘ನಾವು ಫ್ರೆಂಚರು’ ಅಂತ ಹೇಳಿಕೊಂಡು ಬಂದಿದ್ದರಂತೆ. ಕೊನೆಗೂ ಅವರ ಮುತ್ತಜ್ಜನ ತ್ಯಾಗಪತ್ರ ಸಿಕ್ಕಿತು. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಹಿಂಜರಿಯುತ್ತಲೇ ತೋರಿಸಿದೆ. ಗುಮಾಸ್ತನ ಬಳುಕುವ ಫ್ರೆಂಚ್ ಬರಹದ ಕೆಳಗೆ, ಒತ್ತಿ ಒತ್ತಿ ಬರೆದ ದಪ್ಪ ತಮಿಳು ಸಹಿ. ಅವರು ಕನ್ನಡಕ ಸರಿಮಾಡಿಕೊಂಡು, ‘ಸ್ವಲ್ಪ ದೊಡ್ಡದು ಮಾಡಿ ಸರ್’ ಅಂದರು. ಪರದೆಯ ಮೇಲೆ ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ಸೇರಿಸಿ ಓದಿದರು. ಆಮೇಲೆ ಡಬ್ಬಿಯಿಂದ ಒಂದು ಹಳೇ ಫೋಟೋ ತೆಗೆದು, ಅದರ ಹಿಂದೆ ಆ ಹೆಸರನ್ನು ತಮಿಳಿನಲ್ಲೇ ಬರೆದುಕೊಂಡರು.