ಬರೀ 2.3% ತೆರಿಗೆಗೆ ಅಷ್ಟೊಂದು ಗಲಾಟೆ ಯಾಕೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನಿನ ಜೊತೆ ವೈದ್ಯಕೀಯ ಉಪಕರಣಗಳ ಮೇಲೆ 2.3% ತೆರಿಗೆ ಬಂತು. ಅಷ್ಟು ಚಿಕ್ಕ ತೆರಿಗೆಗೆ ಕಂಪನಿಗಳು ವರ್ಷಗಟ್ಟಲೆ ಯಾಕೆ ಹೋರಾಡಿದವು?

ಯಾಕಂದ್ರೆ ಅದು ಲಾಭದ ಮೇಲಲ್ಲ, ಮಾರಾಟದ ಮೇಲೆ ಬಿದ್ದ ತೆರಿಗೆ. ಇದೊಂದು ಅರ್ಥವಾದರೆ ಉಳಿದದ್ದು ಸುಲಭ.

ಒಂದು ಸಣ್ಣ ಕಂಪನಿ ವರ್ಷಕ್ಕೆ 1 ಕೋಟಿ ಡಾಲರ್ ಮಾಲು ಮಾರುತ್ತೆ, ಖರ್ಚೆಲ್ಲ ಕಳೆದು 5 ಲಕ್ಷ ಉಳಿಯುತ್ತೆ ಅಂದುಕೊಳ್ಳಿ. ತೆರಿಗೆ 2 ಲಕ್ಷ 30 ಸಾವಿರ. ಹತ್ತಿರ ಹತ್ತಿರ ಅರ್ಧ ಲಾಭ ಹೋಯ್ತು. ಈ ತೆರಿಗೆಯನ್ನು ಖರ್ಚಿಗೆ ಹಾಕಿ ಆದಾಯ ತೆರಿಗೆಯಲ್ಲಿ ಸ್ವಲ್ಪ ಉಳಿಸಬಹುದಿತ್ತು, ನಿಜ. ಆದರೆ ಹೊಸ ಸ್ಟೆಂಟೋ ಹೃದಯದ ಕವಾಟವೋ ಮಾರುಕಟ್ಟೆಗೆ ತಂದು ಇನ್ನೂ ನಷ್ಟದಲ್ಲೇ ಇರುವ ಕಂಪನಿಗೆ ಆದಾಯ ತೆರಿಗೆಯೇ ಇರಲ್ಲ, ಉಳಿಸೋದೇನು? ನಷ್ಟದಲ್ಲಿದ್ದರೂ ಇದನ್ನು ಮಾತ್ರ ಕಟ್ಟಲೇಬೇಕು.

ಸರ್ಕಾರದ ವಾದ ಹೀಗಿತ್ತು: ಕೋಟ್ಯಂತರ ಜನರಿಗೆ ಹೊಸದಾಗಿ ವಿಮೆ ಸಿಗುತ್ತೆ, ನಿಮಗೂ ಗಿರಾಕಿಗಳು ಜಾಸ್ತಿ ಆಗ್ತಾರೆ, ಅದರಲ್ಲಿ ಒಂದು ಪಾಲು ಕೊಡಿ. ಕಂಪನಿಗಳು ಒಪ್ಪಲಿಲ್ಲ. ಪೇಸ್‌ಮೇಕರ್, ಕೃತಕ ಮಂಡಿ ಹಾಕಿಸಿಕೊಳ್ಳುವವರಲ್ಲಿ ಬಹಳಷ್ಟು ಜನ 65 ದಾಟಿದವರು, ಅವರಿಗೆ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಮೊದಲಿಂದಲೂ ಇದೆ, ಹೊಸ ಗಿರಾಕಿ ಎಲ್ಲಿಂದ ಬರಬೇಕು ಅಂತ ಕೇಳಿದವು. ನನಗೆ ಇದು ಗಟ್ಟಿ ಮಾತು ಅನಿಸುತ್ತೆ.

ಎಲ್ಲ ವಾದಗಳೂ ಹಾಗಿರಲಿಲ್ಲ. ತೆರಿಗೆ ಬಂದರೆ ಕಾರ್ಖಾನೆಗಳು ಹೊರದೇಶಕ್ಕೆ ಹೋಗ್ತವೆ ಅಂತ ಹೆದರಿಸಿದರು. ಆದರೆ ಆಮದಾದ ಉಪಕರಣಕ್ಕೂ ಅದೇ ತೆರಿಗೆ ಇತ್ತು, ರಫ್ತಿಗೆ ಇರಲಿಲ್ಲ. ಹಾಗಿದ್ದ ಮೇಲೆ ಹೊರಗೆ ಹೋಗಿ ಈ ತೆರಿಗೆ ತಪ್ಪಿಸಿಕೊಳ್ಳೋದು ಹೇಗೆ? ಉದ್ಯಮದ ಸಂಘ ಆಡ್ವಾಮೆಡ್ ಮಾಡಿಸಿದ ಅಧ್ಯಯನ 43,000 ಕೆಲಸ ಹೋಗಬಹುದು ಅಂದಿತ್ತು. ಅಮೆರಿಕ ಸಂಸತ್ತಿನ ಸಂಶೋಧನಾ ವಿಭಾಗ ಲೆಕ್ಕ ಹಾಕಿದಾಗ ಉದ್ಯೋಗದ ಮೇಲಿನ ಪರಿಣಾಮ ತೀರಾ ಕಡಿಮೆ, ಹೆಚ್ಚಿನ ಹೊರೆ ಬೆಲೆಗೇ ಸೇರುತ್ತೆ ಅಂತ ಬಂತು. ಅಂದ್ರೆ ಕೊನೆಗೆ ಕಟ್ಟೋದು ರೋಗಿ ಮತ್ತು ವಿಮೆಯವರು.

ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಶ್ರವಣ ಸಾಧನಗಳಿಗೆ ವಿನಾಯಿತಿ ಇತ್ತು.

ವಿರೋಧ ಒಂದೇ ಪಕ್ಷದ್ದಾಗಿರಲಿಲ್ಲ. ಈ ಉದ್ಯಮ ದೊಡ್ಡದಾಗಿರುವ ಮಿನ್ನೆಸೋಟದ ಏಮಿ ಕ್ಲೋಬುಷಾರ್, ಮ್ಯಾಸಚೂಸೆಟ್ಸ್‌ನ ಎಲಿಜಬೆತ್ ವಾರೆನ್, ಇಬ್ಬರೂ ಒಬಾಮಾ ಪಕ್ಷದ ಸೆನೆಟರ್‌ಗಳೇ, ರದ್ದು ಮಾಡಿ ಅಂದರು. 2013ರ ಜನವರಿಯಲ್ಲಿ ತೆರಿಗೆ ಶುರುವಾಯ್ತು, ಮಾರ್ಚ್‌ನಲ್ಲೇ ಸಂಸತ್ತಿನ ಮೇಲ್ಮನೆ ಸೆನೆಟ್ 79-20 ಮತಗಳಿಂದ ರದ್ದತಿಯ ಪರ ನಿಂತಿತು. ಅದು ಬರೀ ಅಭಿಪ್ರಾಯದ ಮತ, ಕಾನೂನು ಬದಲಾಗಲಿಲ್ಲ. 2016ರಿಂದ ತಡೆ ಬಿತ್ತು, 2019ರ ಡಿಸೆಂಬರ್‌ನಲ್ಲಿ ಪೂರ್ತಿ ರದ್ದಾಯ್ತು. ವಸೂಲಾಗಿದ್ದು ಮೂರೇ ವರ್ಷ.

ನನಗೆ ಬೇಸರ ಬೇರೆ ಕಡೆ ಇದೆ. 2009ರಲ್ಲಿ ಸೆನೆಟ್ ಒಪ್ಪಿದ ಮೊದಲ ರೂಪದಲ್ಲಿ ಇದು ಉದ್ಯಮವೆಲ್ಲ ಸೇರಿ ಕಟ್ಟುವ ವಾರ್ಷಿಕ ಶುಲ್ಕವಾಗಿತ್ತು, ಮೊದಲ 50 ಲಕ್ಷ ಡಾಲರ್ ಮಾರಾಟ ಲೆಕ್ಕಕ್ಕೇ ಬರುತ್ತಿರಲಿಲ್ಲ. 2010ರಲ್ಲಿ ಅದನ್ನು 2.3% ತೆರಿಗೆಯಾಗಿ ಬದಲಿಸಿದಾಗ ಸಣ್ಣವರಿಗಿದ್ದ ಆ ರಕ್ಷಣೆ ಹೋಯ್ತು. ಅದೊಂದನ್ನು ಉಳಿಸಿಕೊಂಡಿದ್ದರೆ ದೊಡ್ಡ ಕಂಪನಿಗಳಿಗೆ ಸಣ್ಣವರ ಕಷ್ಟ ಮುಂದಿಟ್ಟು ವಾದ ಮಾಡೋಕೆ ಆಗ್ತಿರಲಿಲ್ಲ, ಅಲ್ವಾ?