ಮೇಲೆ ಕಾರು, ಕೆಳಗೆ ಬಸ್ಸು

2023ರ ಒಂದು ಬೆಳಿಗ್ಗೆ. ತುಮಕೂರಿನಿಂದ ಹೊರಟ ನಮ್ಮ ಬಸ್ಸು ಬೆಂಗಳೂರಿನ ದಾಸರಹಳ್ಳಿ ಹತ್ತಿರ ಬಂದು ನಿಂತೇಬಿಟ್ಟಿತು. ಹತ್ತು ನಿಮಿಷ ಆದಮೇಲೆ ಕಂಡಕ್ಟರ್, "ಮೆಜೆಸ್ಟಿಕ್‌ಗೆ ಅರ್ಜೆಂಟ್ ಹೋಗೋರಿದ್ರೆ ಇಲ್ಲೇ ಇಳಿದು ಮೆಟ್ರೋ ಹಿಡೀರಿ" ಅಂದರು. ಅರ್ಧ ಬಸ್ಸು ಖಾಲಿ ಆಯಿತು. ನನ್ನ ಹತ್ತಿರ ಅಕ್ಕಿ ಮೂಟೆ ಇತ್ತು, ಕೂತೆ. ಕಿಟಕಿಯಿಂದ ಕತ್ತೆತ್ತಿ ನೋಡಿದರೆ ಪೀಣ್ಯ ಫ್ಲೈಓವರ್. ಅದರ ಮೇಲೆ ಕಾರುಗಳು ಸುಯ್ಯಂತ ಹೋಗುತ್ತಿದ್ದವು. ಒಂದೊಂದರಲ್ಲಿ ಒಬ್ಬರೋ ಇಬ್ಬರೋ. ಐವತ್ತು ಜನರನ್ನು ಹೊತ್ತ ಬಸ್ಸಿಗೆ ಮಾತ್ರ ಮೇಲೆ ಪ್ರವೇಶ ಇಲ್ಲ.

ಹೀಗ್ಯಾಕೆ ಅಂತ ತಿಳಿಯಬೇಕಾದರೆ ಮೊದಲು ಎತ್ತಿನ ಗಾಡಿಯ ಚಕ್ರ ನೋಡಬೇಕು. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವಾಗ ಪಟ್ಟಿಯನ್ನು ಚೆನ್ನಾಗಿ ಕಾಯಿಸುತ್ತಾರೆ. ಬಿಸಿಗೆ ಅದು ಹಿಗ್ಗುತ್ತದೆ. ಚಕ್ರಕ್ಕೆ ತೊಡಿಸಿ ನೀರು ಸುರಿದರೆ ಚುಂಯ್ ಅಂತ ಕುಗ್ಗಿ, ಮರದ ತುಂಡುಗಳನ್ನೆಲ್ಲ ಒಂದಕ್ಕೊಂದು ಅಮುಕಿ ಹಿಡಿಯುತ್ತದೆ. ಭಾರ ಬೀಳುವ ಮುಂಚೆಯೇ ಬಿಗಿ ಕೂತಿರುತ್ತದೆ. ಫ್ಲೈಓವರ್‌ನಲ್ಲೂ ಇದೇ ಉಪಾಯ.

ಕಾಂಕ್ರೀಟು ಒತ್ತಿದರೆ ಕಲ್ಲು, ಎಳೆದರೆ ಬಿರುಕು. ಒತ್ತಡ ತಡೆಯುವ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ ಎಳೆತ ತಡೆಯುವುದಕ್ಕೆ ಇದೆ. ಎರಡು ಕಂಬಗಳ ನಡುವೆ ಇಟ್ಟ ತೊಲೆಯ ಮೇಲೆ ಲಾರಿ ಬಂದರೆ ತೊಲೆ ಕೂದಲೆಳೆಯಷ್ಟು ಜಗ್ಗುತ್ತದೆ. ಆಗ ಅದರ ಹೊಟ್ಟೆಯ ಭಾಗ ಎಳೆತಕ್ಕೆ ಸಿಗುತ್ತದೆ. ಹಾಗಾಗಿ ತೊಲೆಯೊಳಗೆ ಕೊಳವೆ ಬಿಟ್ಟು, ಅದರಲ್ಲಿ ಉಕ್ಕಿನ ಕೇಬಲ್ ತೂರಿಸಿ, ಜಾಕ್ ಹಾಕಿ ಎಳೆದು, ಎರಡೂ ತುದಿಯಲ್ಲಿ ಬಿಗಿಯುತ್ತಾರೆ. ಕೇಬಲ್ ಕುಗ್ಗಲು ನೋಡುತ್ತದೆ, ಕಾಂಕ್ರೀಟು ಅಮುಕಿಸಿಕೊಳ್ಳುತ್ತದೆ. ಆಮೇಲೆ ಲಾರಿ ಬಂದರೂ ಹೊಟ್ಟೆ ಬಿರಿಯುವುದಿಲ್ಲ. ಕೊನೆಗೆ ಕೊಳವೆಯೊಳಗೆ ತೆಳ್ಳಗೆ ಕಲಸಿದ ಸಿಮೆಂಟ್ ತುಂಬುತ್ತಾರೆ. ಇದಕ್ಕೆ ಗ್ರೌಟ್ ಅಂತ ಹೆಸರು. ಕೇಬಲ್ಲಿಗೆ ಇದೇ ರೇನ್‌ಕೋಟು.

ಈ ರೇನ್‌ಕೋಟಿನಲ್ಲಿ ಎಲ್ಲೋ ಒಂದು ಕಡೆ ಗಾಳಿಗುಳ್ಳೆ ಉಳಿದರೆ ಕಥೆ ಶುರು. ನೀರು, ಗಾಳಿ ಸೇರಿಕೊಂಡು ತುಕ್ಕು ಹಿಡಿಯುತ್ತದೆ. ನಮ್ಮ ಮನೆಯ ತಾರಸಿಯ ಕಂಬಿಗೆ ತುಕ್ಕು ಹಿಡಿದರೆ ಅದು ಉಬ್ಬಿ, ಗಾರೆ ಉದುರಿ, "ನೋಡಪ್ಪಾ, ಕೆಟ್ಟಿದೀನಿ" ಅಂತ ಹೇಳುತ್ತದೆ. ಕೊಳವೆಯೊಳಗಿನ ಕೇಬಲ್ ಹಾಗಲ್ಲ. ಹೊರಗೆ ಒಂದು ಗೆರೆಯೂ ಕಾಣದೆ ಒಳಗೇ ತುಂಡಾಗಬಹುದು. ಇಟಲಿಯ ಜಿನೋವಾದಲ್ಲಿ 2018ರ ಆಗಸ್ಟ್ 14ರಂದು ಮೊರಾಂಡಿ ಸೇತುವೆ ಕುಸಿದು 43 ಜನ ಸತ್ತರು. ಅಲ್ಲೂ ಉಕ್ಕಿನ ಕೇಬಲ್‌ಗಳು ಕಾಂಕ್ರೀಟಿನ ಹೊದಿಕೆಯೊಳಗಿದ್ದವು, ತುಕ್ಕು ಒಳಗೇ ಬೆಳೆದಿತ್ತು.

ಪೀಣ್ಯದಲ್ಲಿ ಸಮಯಕ್ಕೆ ಸರಿಯಾಗಿ ಗೊತ್ತಾಯಿತು. ಗೊರಗುಂಟೆಪಾಳ್ಯದಿಂದ ನಾಗಸಂದ್ರದ ಕಡೆಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದ ಇರುವ ಈ ಫ್ಲೈಓವರ್ ಬಳಕೆಗೆ ಬಂದದ್ದು 2010ರಲ್ಲಿ. 2021ರ ಡಿಸೆಂಬರ್‌ನಲ್ಲಿ 102 ಮತ್ತು 103ನೇ ಕಂಬಗಳ ನಡುವಿನ ಕೇಬಲ್‌ಗಳಲ್ಲಿ ದೋಷ ಕಂಡು, ಡಿಸೆಂಬರ್ 25ರಂದು ಇಡೀ ಫ್ಲೈಓವರ್ ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಕಾರು, ಬೈಕುಗಳಿಗೆ ಬಿಟ್ಟರು. ಲಾರಿ, ಬಸ್ಸು ಕೆಳಗೇ ಉಳಿದವು.

ಸೇತುವೆಯ ಲೆಕ್ಕದಲ್ಲಿ ಇದು ಸರಿಯೇ. ಒಂದು ಕಾರು ಒಂದು, ಒಂದೂವರೆ ಟನ್. ಹಿಂದೆ ಎರಡು ಆಕ್ಸಲ್ ಇರುವ ಲಾರಿ ಕಾನೂನು ಪ್ರಕಾರವೇ 28.5 ಟನ್ ತೂಗಬಹುದು. ಕಾನೂನು ಮೀರಿ ಎಷ್ಟು ತುಂಬುತ್ತಾರೆ ಅನ್ನುವುದು ಬೇರೆ ಮಾತು. ಸೇತುವೆಗೆ ಎಷ್ಟು ಗಾಡಿ ಅನ್ನುವುದಕ್ಕಿಂತ ಎಂಥ ಗಾಡಿ ಅನ್ನುವುದೇ ಮುಖ್ಯ. ಕಾರುಗಳು ಅದಕ್ಕೆ ಇರುವೆ ಸಾಲಿನ ಹಾಗೆ.

ಆದರೆ ರಸ್ತೆಯ ಲೆಕ್ಕವೇ ಬೇರೆ. ಅದನ್ನು ಸಿನಿಮಾ ಟಿಕೆಟ್ ಕೌಂಟರಿನಲ್ಲಿ ನೋಡೋಣ. ಕೌಂಟರಿನವರು ಗಂಟೆಗೆ 100 ಜನಕ್ಕೆ ಟಿಕೆಟ್ ಕೊಡಬಲ್ಲರು. ಗಂಟೆಗೆ 80 ಜನ ಬಂದರೆ ಕೌಂಟರಿನ ಮುಂದೆ ಸರಾಸರಿ 4 ಜನ ಇರುತ್ತಾರೆ. 90 ಜನ ಬಂದರೆ 9. 95 ಆದರೆ 19. 99 ಆದರೆ 99! ಕೌಂಟರಿನ ತಾಕತ್ತು ಇನ್ನೂ ಮೀರಿಲ್ಲ, ಆದರೂ ಕ್ಯೂ ಬೀದಿಗೆ ಬಂತು. ಜನ ಗಡಿಯಾರ ನೋಡಿಕೊಂಡು ಒಬ್ಬೊಬ್ಬರಾಗಿ ಬರುವುದಿಲ್ಲವಲ್ಲ. ಒಮ್ಮೆಲೇ ಐದು ಜನ ಬರುತ್ತಾರೆ, ಒಬ್ಬರು ಚಿಲ್ಲರೆಗೆ ಜೇಬು ತಡಕುತ್ತಾರೆ. ಮೊದಲು ಕೌಂಟರಿಗೆ ಸ್ವಲ್ಪ ಬಿಡುವು ಇತ್ತು, ಇಂಥದ್ದನ್ನು ನುಂಗಿಕೊಳ್ಳುತ್ತಿತ್ತು. ಬಿಡುವು ಹೋದಮೇಲೆ ಎಲ್ಲ ಕ್ಯೂಗೇ ಬೀಳುತ್ತದೆ.

ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್‌ನಂಥ ಜಂಕ್ಷನ್‌ಗಳು ಮೊದಲೇ ಈ 90ರ ಆಸುಪಾಸಿನಲ್ಲಿ ಏದುಸಿರು ಬಿಡುವ ಜಾಗಗಳು. ಅಲ್ಲಿಗೆ ಲಾರಿಗಳನ್ನು ಇಳಿಸಿದರೆ? ಸಂಚಾರದ ಲೆಕ್ಕದಲ್ಲಿ ಒಂದು ಲಾರಿ ಅಂದರೆ ಸುಮಾರು ಮೂರು ಕಾರು. ಜಾಗ ಜಾಸ್ತಿ ಬೇಕು, ಸಿಗ್ನಲ್ ಹಸಿರಾದಮೇಲೆ ಹೊರಡಲೂ ನಿಧಾನ.

ಹಾಗಂತ ರಸ್ತೆ ಮುಚ್ಚಿದಾಗೆಲ್ಲ ಊರು ಕಟ್ಟಿಕೊಳ್ಳಬೇಕು ಅಂತೇನಿಲ್ಲ. 2019ರ ಜನವರಿಯಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ದಿನಕ್ಕೆ ಸುಮಾರು 90,000 ವಾಹನ ಓಡುತ್ತಿದ್ದ ಎತ್ತರದ ಹೆದ್ದಾರಿಯೊಂದನ್ನು ಶಾಶ್ವತವಾಗಿ ಮುಚ್ಚಿದರು. ಅದರ ಬದಲಿಗೆ ಕಟ್ಟಿದ್ದ ಸುರಂಗ ತೆರೆಯಲು ಮೂರು ವಾರ ಬೇಕಿತ್ತು. ಇನ್ನೇನು ಪ್ರಳಯ ಅಂತ ಎಲ್ಲರೂ ಅಂದುಕೊಂಡಿದ್ದರು. ಆಗಲಿಲ್ಲ. ಕೆಲವರು ಬೇಗ ಹೊರಟರು, ಕೆಲವರು ಬಸ್ಸು ಹತ್ತಿದರು, ಕೆಲವರು ಮನೆಯಿಂದಲೇ ಕೆಲಸ ಮಾಡಿದರು. ಬೇರೆ ದೇಶಗಳಲ್ಲೂ ಸಂಶೋಧಕರು ಇದನ್ನು ಕಂಡಿದ್ದಾರೆ. ಮುಚ್ಚಿದ ರಸ್ತೆಯ ಸಂಚಾರವೆಲ್ಲ ಪಕ್ಕದ ರಸ್ತೆಗೆ ಹೋಗುವುದಿಲ್ಲ, ಒಂದಷ್ಟು ಆವಿಯಾಗಿಬಿಡುತ್ತದೆ.

ಹಾಗೆ ಆವಿಯಾಗುವುದು ಯಾವುದು? ಮನಸ್ಸು ಬದಲಾಯಿಸಬಲ್ಲ ಕಾರು, ಬೈಕು. ಹುಬ್ಬಳ್ಳಿಯಿಂದ ಈರುಳ್ಳಿ ತುಂಬಿಕೊಂಡು ಬಂದ ಲಾರಿ ಇವತ್ತು ಮನೆಯಿಂದಲೇ ಕೆಲಸ ಮಾಡುತ್ತೇನೆ ಅನ್ನಲು ಆಗುವುದಿಲ್ಲ, ಅಲ್ವಾ? ಹಾಸನದ ಬಸ್ಸಿಗೂ ಅಷ್ಟೆ. ಪೀಣ್ಯದಲ್ಲಿ ಆದದ್ದು ಇದು. ಬದಲಾಗಬಲ್ಲವರಿಗೆ ಮೇಲೆ ದಾರಿ ಸಿಕ್ಕಿತು, ಬದಲಾಗಲಾರದವು ಕೆಳಗೆ ಬಿದ್ದವು. ತೂಕದ ಲೆಕ್ಕ ಒಪ್ಪುತ್ತೇನೆ. ಆದರೆ ಕೆಳಗೆ ಬಸ್ಸಿಗೆ ಒಂದು ಸಾಲನ್ನಾದರೂ ಬಿಟ್ಟುಕೊಡಬಹುದಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ದುರಸ್ತಿ ಇಷ್ಟು ತಡ ಯಾಕೆ? ಗಟ್ಟಿಯಾದ ಗ್ರೌಟಿನಲ್ಲಿ ಹೂತ ಕೇಬಲ್ಲನ್ನು ಲಾಡಿ ಎಳೆದ ಹಾಗೆ ಎಳೆಯಲು ಬರುವುದಿಲ್ಲ. ಒಂದೇ ಸಲಕ್ಕೆ ಎಲ್ಲ ತೆಗೆಯುವ ಹಾಗೂ ಇಲ್ಲ. ಅದಕ್ಕೇ ಹೊಸ ಕೇಬಲ್‌ಗಳನ್ನು ಸೇರಿಸಿ ಬಿಗಿದರು. 2024ರ ಜನವರಿಯಲ್ಲಿ ಮತ್ತೆ ಕೆಲ ದಿನ ಪೂರ್ತಿ ಮುಚ್ಚಿ ಭಾರದ ಪರೀಕ್ಷೆ ಮಾಡಿದರು. ಭಾರ ತುಂಬಿದ ಲಾರಿಗಳನ್ನು ಮೇಲೆ ನಿಲ್ಲಿಸಿ, ತೊಲೆ ಎಷ್ಟು ಮಿಲಿಮೀಟರ್ ಜಗ್ಗಿತು ಅಂತ ಅಳೆಯುವುದು. ಬರೀ ಜಗ್ಗಿದ್ದು ನೋಡಿದರೆ ಸಾಲದು. ಲಾರಿ ಇಳಿಸಿದಮೇಲೆ ಎಷ್ಟು ವಾಪಸ್ ಎದ್ದಿತು ಅನ್ನುವುದೇ ನಿಜವಾದ ಪರೀಕ್ಷೆ. ಇಂಥ ತೊಲೆ 24 ಗಂಟೆಯೊಳಗೆ ಜಗ್ಗಿದ್ದರ ಶೇ. 85ರಷ್ಟಾದರೂ ಮೇಲೇಳಬೇಕು ಅನ್ನುತ್ತದೆ ನಮ್ಮ ದೇಶದ ನಿಯಮ. ಆ ದಿನವಿಡೀ ಮೇಲೆ ಇರುವೆ ಸಾಲೂ ಓಡಾಡಬಾರದು. ಆಗ ಬೈಕುಗಳನ್ನೂ ತಡೆದದ್ದು ಇದಕ್ಕೇ.

2024ರ ಜುಲೈ 29ರಿಂದ ಲಾರಿ, ಬಸ್ಸುಗಳು ಮತ್ತೆ ಫ್ಲೈಓವರ್ ಹತ್ತಿದವು. ಒಂದು ಷರತ್ತು ಇತ್ತು. ಶುಕ್ರವಾರ ಬೆಳಿಗ್ಗೆ ಆರರಿಂದ ಶನಿವಾರ ಬೆಳಿಗ್ಗೆ ಆರರವರೆಗೆ ದುರಸ್ತಿ ಕೆಲಸ, ಭಾರದ ಗಾಡಿಗಳಿಗೆ ಪ್ರವೇಶ ಇಲ್ಲ. ಅದಾದಮೇಲೆ ನಮ್ಮ ಮನೆಯಲ್ಲಿ ಊರಿಂದ ಅಕ್ಕಿ ತರುವುದು ಗುರುವಾರಕ್ಕೆ ಬದಲಾಯಿತು.